ಕೊಡವ ಹಾಕಿ ನಮ್ಮೆ

ಕೊಡವ ಹಾಕಿ ನಮ್ಮೆಯು ಕರ್ನಾಟಕದ ಕೊಡಗು ಜಿಲ್ಲೆಯಲ್ಲಿ ಕೊಡವ ಕುಟುಂಬಗಳ ನಡುವೆ ಬೇಸಿಗೆಯಲ್ಲಿ ನಡೆಯುವ ಹಾಕಿ ಪಂದ್ಯಾವಳಿಯಾಗಿದೆ. 1997ರಲ್ಲಿ ವಿರಾಜಪೇಟೆ ತಾಲ್ಲೂಕಿನ ಕರಡ ಗ್ರಾಮದಲ್ಲಿ 60 ಕುಟುಂಬಗಳ ತಂಡಗಳೊಂದಿಗೆ ಇದು ಆರಂಭವಾಯಿತು. 2025ರಲ್ಲಿ ಮಡಿಕೇರಿಯಲ್ಲಿ ನಡೆದ ಪಂದ್ಯಾವಳಿಗೆ 396 ಕುಟುಂಬಗಳು ತಂಡಗಳನ್ನು ಕಳುಹಿಸಿದ್ದವು. ಇಲ್ಲಿ ಊರು, ಶಾಲೆ, ಸಂಸ್ಥೆ ಅಥವಾ ಕ್ಲಬ್ಬುಗಳ ತಂಡಗಳಿಗೆ ಅವಕಾಶವಿಲ್ಲ. ‘ಒಕ್ಕ’ ಎಂದು ಕರೆಯಲಾಗುವ ಕೊಡವ ಮನೆತನವೇ ಒಂದು ತಂಡ. ಒಂದೇ ಮನೆತನದ ಹೆಸರನ್ನು ಹೊತ್ತ ಅಜ್ಜ, ಮಗ, ಮೊಮ್ಮಗಳು ಒಂದೇ ತಂಡದಲ್ಲಿ ಆಡಬಹುದು. ಹೆಣ್ಣು, ಗಂಡು ಎಂಬ ಭೇದವಾಗಲೀ ವಯಸ್ಸಿನ ಮಿತಿಯಾಗಲೀ ಇಲ್ಲ.

ಹೆಸರು

‘ನಮ್ಮೆ’ ಎಂದರೆ ಕೊಡವ ತಕ್ಕ್ ಭಾಷೆಯಲ್ಲಿ ಹಬ್ಬ. ಕೊಡವರ ಮೂರು ಮುಖ್ಯ ಹಬ್ಬಗಳೆಂದರೆ ಆಯುಧಗಳನ್ನು ಪೂಜಿಸುವ ಕೈಲ್‌ಪೋದ್, ತಲಕಾವೇರಿಯಲ್ಲಿ ತೀರ್ಥೋದ್ಭವವಾಗುವ ಕಾವೇರಿ ಸಂಕ್ರಮಣ ಹಾಗೂ ಹೊಸ ಭತ್ತದ ತೆನೆಯನ್ನು ಮನೆಗೆ ತರುವ ಪುತ್ತರಿ. ಈ ಸಾಲಿಗೆ ಸೇರಿದ ನಾಲ್ಕನೆಯ ಹಬ್ಬವೆಂದು ಹಾಕಿ ಪಂದ್ಯಾವಳಿಯನ್ನು ಕೊಡಗಿನಲ್ಲಿ ಅರ್ಧ ವಿನೋದವಾಗಿ, ಅರ್ಧ ಗಂಭೀರವಾಗಿ ಹೇಳುವುದುಂಟು. ಆಟಕ್ಕೆ ಹಬ್ಬದ ಹೆಸರು ಕೊಟ್ಟಿರುವುದು ಹೊಸತೇನಲ್ಲ. ಕೈಲ್‌ಪೋದಿನಂದು ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಯೂ ಪುತ್ತರಿಯಲ್ಲಿ ಊರಿನ ‘ಮಂದ್’ ಎಂಬ ಬಯಲಿನಲ್ಲಿ ಕೋಲಾಟವೂ ಬಹುಕಾಲದಿಂದ ನಡೆದುಬಂದಿವೆ. ಪೂಜೆ, ಊಟ, ಆಟ ಮೂರೂ ಕೂಡಿದಾಗ ಮಾತ್ರ ಅಲ್ಲಿ ಹಬ್ಬ ಪೂರ್ಣವಾಗುತ್ತದೆ.

ಪ್ರತಿ ವರ್ಷದ ಪಂದ್ಯಾವಳಿಗೆ ಅದನ್ನು ನಡೆಸಿಕೊಡುವ ಕುಟುಂಬದ ಹೆಸರೇ ಬರುತ್ತದೆ. ಆದ್ದರಿಂದ ಜನರು ಇಸವಿಯ ಬದಲಿಗೆ ‘ಕುಲ್ಲೇಟಿರ ಕಪ್’, ‘ಕುಂಡ್ಯೋಳಂಡ ಕಪ್’, ‘ಮುದ್ದಂಡ ಕಪ್’ ಎಂದು ಮನೆತನದ ಹೆಸರಿನಿಂದಲೇ ವರ್ಷಗಳನ್ನು ಗುರುತಿಸುತ್ತಾರೆ.

ಹಿನ್ನೆಲೆ: ಒಕ್ಕ ಮತ್ತು ಐನ್‌ಮನೆ

ಈ ಪಂದ್ಯಾವಳಿಯನ್ನು ಅರ್ಥಮಾಡಿಕೊಳ್ಳಲು ಒಕ್ಕದ ಪರಿಚಯ ಅವಶ್ಯಕ. ಒಕ್ಕವೆಂದರೆ ಒಬ್ಬ ಮೂಲಪುರುಷನಿಂದ ತಂದೆಯ ಕಡೆಯಿಂದ ಇಳಿದುಬಂದ ಎಲ್ಲ ಕವಲುಗಳನ್ನೂ ಒಳಗೊಂಡ ಮನೆತನ. ಅದರ ಮೂಲ ಮನೆಗೆ ‘ಐನ್‌ಮನೆ’ ಎಂದು ಹೆಸರು. ಮೂಲಪುರುಷನನ್ನು ‘ಗುರುಕಾರೋಣ’ ಎಂದು ಭಾವಿಸಿ ಪೂಜಿಸುತ್ತಾರೆ. ಮನೆತನದ ಹಿರಿಯನಿಗೆ ‘ಪಟ್ಟೆದಾರ’ ಎನ್ನುತ್ತಾರೆ. ಒಂದೇ ಒಕ್ಕದವರು ತಮ್ಮೊಳಗೆ ಮದುವೆಯಾಗುವಂತಿಲ್ಲ. ಅಂಡ, ಇರ, ಎರ, ಮಾಡ ಮೊದಲಾದ ಕೊನೆಗಳುಳ್ಳ ಮನೆತನದ ಹೆಸರು ವ್ಯಕ್ತಿಯ ಸ್ವಂತ ಹೆಸರಿಗಿಂತ ಮೊದಲು ಬರುತ್ತದೆ. ಫೀಲ್ಡ್ ಮಾರ್ಷಲ್ ಕೆ. ಎಂ. ಕಾರ್ಯಪ್ಪ ಮತ್ತು ಜನರಲ್ ಕೆ. ಎಸ್. ತಿಮ್ಮಯ್ಯ ಇಬ್ಬರ ಹೆಸರಿನ ಮೊದಲ ಅಕ್ಷರವೂ ಕೊಡಂದೇರ ಎಂಬ ಮನೆತನವನ್ನೇ ಸೂಚಿಸುತ್ತದೆ.

ಹಾಕಿ ಆಟಗಾರರ ವಿಷಯದಲ್ಲಿಯೂ ಹಾಗೆಯೇ. 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಪದಕ ಪಡೆದ ಭಾರತ ತಂಡದ ನಾಯಕ ಎಂ. ಪಿ. ಗಣೇಶ್ ಮೊಳ್ಳೇರ ಮನೆತನದವರು. 1980ರ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದು, 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ತಂಡವನ್ನು ಮುನ್ನಡೆಸಿದ ಎಂ. ಎಂ. ಸೋಮಯ್ಯ ಮನೆಯಪಂಡ ಮನೆತನದವರು. ಗೋಲ್‌ಕೀಪರ್ ಎ. ಬಿ. ಸುಬ್ಬಯ್ಯ ಅಂಜಪರವಂಡದವರು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಆಡಿದ ಎಸ್. ಕೆ. ಉತ್ತಪ್ಪ ಸಣ್ಣುವಂಡದವರು, ನಿಕ್ಕಿನ್ ತಿಮ್ಮಯ್ಯ ಚೆಂದಂಡದವರು. ದೇಶದ ತಂಡದಲ್ಲಿ ಒಂದು ಇನಿಷಿಯಲ್ ಆಗಿ ಮರೆಯಾಗುವ ಮನೆತನದ ಹೆಸರು ಹಾಕಿ ನಮ್ಮೆಯಲ್ಲಿ ಆಟಗಾರನ ಅಂಗಿಯ ಬೆನ್ನ ಮೇಲೆ ಪೂರ್ಣವಾಗಿ ಕಾಣಿಸಿಕೊಳ್ಳುತ್ತದೆ.

2011ರ ಜನಗಣತಿಯಲ್ಲಿ ಕೊಡಗು ಜಿಲ್ಲೆಯ ಜನಸಂಖ್ಯೆ 5,54,519 ಆಗಿತ್ತು. ಅದೇ ಗಣತಿಯಲ್ಲಿ ಕೊಡವ ತಕ್ಕನ್ನು ಮಾತೃಭಾಷೆಯೆಂದು ಬರೆಸಿದವರು ದೇಶದಲ್ಲೆಲ್ಲ ಸೇರಿ ಸುಮಾರು 1.14 ಲಕ್ಷ ಮಂದಿ. ಸೇನೆ, ಸರ್ಕಾರಿ ನೌಕರಿ, ಉನ್ನತ ಶಿಕ್ಷಣ ಮತ್ತು ಖಾಸಗಿ ಉದ್ಯೋಗಗಳ ಕಾರಣದಿಂದ ಇವರಲ್ಲಿ ಬಹಳ ಮಂದಿ ಬೆಂಗಳೂರು, ಮೈಸೂರು ಮೊದಲಾದ ನಗರಗಳಲ್ಲಿಯೂ ಹೊರದೇಶಗಳಲ್ಲಿಯೂ ನೆಲೆಸಿದ್ದಾರೆ. ಅನೇಕ ಐನ್‌ಮನೆಗಳಲ್ಲಿ ಒಂದಿಬ್ಬರು ವೃದ್ಧರು ಮಾತ್ರ ಉಳಿದಿದ್ದು, ಕೆಲವಕ್ಕೆ ಬೀಗವೂ ಬಿದ್ದಿದೆ. ಒಂದೇ ಒಕ್ಕದ ಮಕ್ಕಳು ಪರಸ್ಪರ ಗುರುತು ಹಿಡಿಯಲಾರದ ಸ್ಥಿತಿ ಬಂದಿತೆಂಬ ಕಳವಳವೇ ಹಾಕಿ ನಮ್ಮೆಯ ಹುಟ್ಟಿಗೆ ಕಾರಣವಾಯಿತು.

ಕೊಡಗಿಗೆ ಹಾಕಿ

1834ರಲ್ಲಿ ಕೊಡಗು ಬ್ರಿಟಿಷರ ಆಳ್ವಿಕೆಗೆ ಒಳಪಟ್ಟಿತು. ಅನಂತರದ ದಶಕಗಳಲ್ಲಿ ಕಾಫಿ ತೋಟಗಳು, ಇಂಗ್ಲಿಷ್ ಶಾಲೆಗಳು ಹಾಗೂ ಸೇನೆಯ ನೇಮಕಾತಿ ಇಲ್ಲಿನ ಬದುಕನ್ನು ಬದಲಿಸಿದವು. ಹಾಕಿ ಬಂದದ್ದೂ ಇವೇ ದಾರಿಗಳಿಂದ.

ರಾಣಿ ವಿಕ್ಟೋರಿಯಾಳ ಆಳ್ವಿಕೆಯ ಕೊನೆಯ ಮೂರು ದಶಕಗಳು ಇಂದಿನ ಅನೇಕ ಆಟಗಳಿಗೆ ಲಿಖಿತ ನಿಯಮಗಳು ದೊರೆತ ಕಾಲ. 1871ರಲ್ಲಿ ಎಡಿನ್‌ಬರೋದಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ತಂಡಗಳು ಮೊದಲ ಅಂತರರಾಷ್ಟ್ರೀಯ ರಗ್ಬಿ ಪಂದ್ಯವನ್ನು ಆಡಿದವು. 1882–83ರ ಋತುವಿನಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್, ಐರ್ಲೆಂಡ್ ಮತ್ತು ವೇಲ್ಸ್‌ಗಳ ನಡುವೆ ನಡೆದ ಪಂದ್ಯಗಳನ್ನು ಆ ಆಟದ ಮೊದಲ ಅಂತರರಾಷ್ಟ್ರೀಯ ಸರಣಿಯೆಂದು ಪರಿಗಣಿಸಲಾಗಿದೆ. ಅದರಲ್ಲಿ ಇಂಗ್ಲೆಂಡ್ ತನ್ನ ಮೂರೂ ಪಂದ್ಯಗಳನ್ನು ಗೆದ್ದಿತು. ಇಂಗ್ಲೆಂಡ್–ಸ್ಕಾಟ್ಲೆಂಡ್ ಪಂದ್ಯದ ವಿಜೇತರಿಗೆ ಇಂದಿಗೂ ಸಲ್ಲುವ ‘ಕಲ್ಕತ್ತಾ ಕಪ್’ ಭಾರತದ ಬೆಳ್ಳಿ ರೂಪಾಯಿಗಳಿಂದಲೇ ಆದುದು. ಕಲ್ಕತ್ತೆಯ ರಗ್ಬಿ ಕ್ಲಬ್ಬು ಮುಚ್ಚಿದಾಗ ಅದರ ಸದಸ್ಯರು ಉಳಿದ ಹಣವನ್ನು ಕರಗಿಸಿ ಆ ಪಾತ್ರೆಯನ್ನು ಮಾಡಿಸಿದರು. ಅದಕ್ಕಾಗಿ ಮೊದಲ ಪಂದ್ಯ ನಡೆದದ್ದು 1879ರಲ್ಲಿ. ಹೀಗೆ ರಗ್ಬಿಯು ತನ್ನ ಬಟ್ಟಲನ್ನು ಇಲ್ಲಿಂದ ಒಯ್ದಿತೇ ಹೊರತು ಈ ನೆಲದಲ್ಲಿ ಆಳವಾಗಿ ಬೇರೂರಲಿಲ್ಲ. ಹಾಕಿಯ ಕಥೆ ಬೇರೆ. 1886ರಲ್ಲಿ ಲಂಡನ್ನಿನಲ್ಲಿ ಹಾಕಿ ಸಂಸ್ಥೆ ಸ್ಥಾಪನೆಯಾಯಿತು. 1895ರಷ್ಟರಲ್ಲೇ ಕಲ್ಕತ್ತೆಯಲ್ಲಿ ಬೇಟನ್ ಕಪ್ ಪಂದ್ಯಾವಳಿ ಆರಂಭವಾಯಿತು. ಸೇನಾ ತುಕಡಿಗಳ ಮೂಲಕ ಆಟವು ದೇಶದ ಉದ್ದಗಲಕ್ಕೂ ಹರಡಿತು. ಸೈನಿಕ ವೃತ್ತಿಗೆ ಹೆಸರಾದ ಕೊಡಗಿನಲ್ಲಿ ರಜೆಗೆ ಬಂದ ಯೋಧರೂ ಶಾಲೆಯ ಮಕ್ಕಳೂ ಅದನ್ನು ತಮ್ಮದನ್ನಾಗಿ ಮಾಡಿಕೊಂಡರು. ಈ ಪುಟ್ಟ ಜಿಲ್ಲೆಯಿಂದ 50ಕ್ಕೂ ಹೆಚ್ಚು ಮಂದಿ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ದೇಶವನ್ನು ಪ್ರತಿನಿಧಿಸಿದ್ದಾರೆ.

ಆರಂಭ

ಕರಡ ಗ್ರಾಮದ ಪಾಂಡಂಡ ಕುಟ್ಟಪ್ಪನವರು ಬ್ಯಾಂಕ್ ಉದ್ಯೋಗದಿಂದ ನಿವೃತ್ತರಾದವರು, ಹಾಕಿ ಅಂಪೈರ್ ಆಗಿಯೂ ಅನುಭವವುಳ್ಳವರು. ಊರಿನವರು ಅವರನ್ನು ‘ಕುಟ್ಟಣಿ’ ಎಂದು ಕರೆಯುತ್ತಿದ್ದರು. ಚದುರಿಹೋದ ಒಕ್ಕಗಳನ್ನು ವರ್ಷಕ್ಕೊಮ್ಮೆಯಾದರೂ ಒಂದೆಡೆ ಸೇರಿಸಬೇಕು, ಅದಕ್ಕೆ ಭಾಷಣಕ್ಕಿಂತ ಆಟವೇ ಸುಲಭದ ಸಾಧನ ಎಂಬುದು ಅವರ ಆಲೋಚನೆಯಾಗಿತ್ತು. ತಮ್ಮ ಸೋದರ ಕಾಶಿ ಪೊನ್ನಪ್ಪ ಮತ್ತು ಕುಟುಂಬದವರ ಸಹಕಾರದಿಂದ 1997ರಲ್ಲಿ ಅವರು ಮೊದಲ ಪಂದ್ಯಾವಳಿಯನ್ನು ಏರ್ಪಡಿಸಿದರು. 60 ಕುಟುಂಬಗಳು ಬಂದವು. ಇದು ‘ಪಾಂಡಂಡ ಕಪ್’ ಎನಿಸಿತು. ಮರುವರ್ಷ ಕೋಡೀರ ಕುಟುಂಬವು ಹೊಣೆಯನ್ನು ವಹಿಸಿಕೊಂಡಿತು. ಅಲ್ಲಿಂದ ಮುಂದೆ ಒಂದೊಂದು ವರ್ಷ ಒಂದೊಂದು ಕುಟುಂಬವು ಸರದಿಯಂತೆ ನಡೆಸುವ ಪದ್ಧತಿ ನೆಲೆಗೊಂಡಿತು. ಕುಟ್ಟಪ್ಪನವರು 2020ರಲ್ಲಿ ನಿಧನರಾದರು.

ಬೇಸಿಗೆಯ ತಿಂಗಳುಗಳನ್ನು ಆರಿಸಿಕೊಂಡದ್ದಕ್ಕೆ ಕಾರಣಗಳಿವೆ. ಕಾಫಿ ಕೊಯ್ಲು ಮುಗಿದಿರುತ್ತದೆ, ಶಾಲೆಗಳಿಗೆ ರಜೆ ಬಂದಿರುತ್ತದೆ, ನಗರಗಳಲ್ಲಿರುವವರು ಊರಿಗೆ ಬರುತ್ತಾರೆ. ಜೂನ್‌ನಲ್ಲಿ ಮುಂಗಾರು ಹಿಡಿದರೆ ಕೊಡಗಿನ ಮೈದಾನಗಳಲ್ಲಿ ಆಟವಾಡುವುದು ಅಸಾಧ್ಯ. ಗದ್ದೆ ಕೆಲಸವೂ ಆರಂಭವಾಗುತ್ತದೆ.

ಯಾರು ಯಾವ ತಂಡಕ್ಕೆ?

ಸಾಮಾನ್ಯ ಪಂದ್ಯಾವಳಿಗಳಲ್ಲಿ ಆಟಗಾರನ ಅರ್ಹತೆಯನ್ನು ನೋಂದಣಿ ಪತ್ರ ನಿರ್ಧರಿಸುತ್ತದೆ. ಇಲ್ಲಿ ಅದನ್ನು ನಿರ್ಧರಿಸುವುದು ಹುಟ್ಟು ಮತ್ತು ಮದುವೆ. ಎಷ್ಟೇ ಹಣವಿದ್ದರೂ ಹೊರಗಿನ ಉತ್ತಮ ಆಟಗಾರನನ್ನು ಕರೆತರುವಂತಿಲ್ಲ. ಆದ್ದರಿಂದ ಪಂದ್ಯಾವಳಿ ಸಮೀಪಿಸಿದಂತೆ ಪ್ರತಿ ಒಕ್ಕದಲ್ಲಿಯೂ ಹುಡುಕಾಟ ಆರಂಭವಾಗುತ್ತದೆ. ಯಾವ ಕವಲಿನ ಮಗ ಯಾವ ಊರಿನಲ್ಲಿದ್ದಾನೆ, ಯಾರ ಮಗಳು ಕಾಲೇಜಿನಲ್ಲಿ ಹಾಕಿ ಆಡುತ್ತಾಳೆ ಎಂದು ವಿಚಾರಿಸುತ್ತ ಹೋದಾಗ ತಂಡದ ಪಟ್ಟಿಯ ಜೊತೆಗೆ ವಂಶಾವಳಿಯೂ ತಾನಾಗಿ ಸಿದ್ಧವಾಗುತ್ತದೆ. ದೊಡ್ಡ ಒಕ್ಕಗಳಿಗೆ ಆಯ್ಕೆಯೇ ಸಮಸ್ಯೆ. ನಾಲ್ಕಾರು ಮನೆಗಳಷ್ಟೇ ಉಳಿದಿರುವ ಸಣ್ಣ ಒಕ್ಕಗಳಿಗೆ ಹನ್ನೊಂದು ಮಂದಿಯನ್ನು ಕೂಡಿಸುವುದೇ ಸಾಹಸ; ಅಂತಹ ತಂಡಗಳಲ್ಲಿ ಎಂದೂ ಸ್ಟಿಕ್ ಹಿಡಿಯದ ಗೃಹಿಣಿಯರನ್ನೂ ಅರವತ್ತು ದಾಟಿದ ಹಿರಿಯರನ್ನೂ ಶಾಲಾ ಬಾಲಕರನ್ನೂ ಕಾಣಬಹುದು. ಅವರು ಮೊದಲ ಸುತ್ತಿನಲ್ಲೇ ದೊಡ್ಡ ಅಂತರದಿಂದ ಸೋಲುವುದು ಸಹಜವಾದರೂ ಮೈದಾನದ ಸುತ್ತಲಿನ ಚಪ್ಪಾಳೆ ಹೆಚ್ಚಾಗಿ ಸಲ್ಲುವುದು ಅವರಿಗೇ.

ಒಂದೇ ಹೆಸರಿನ ಒಕ್ಕಗಳು ಬೇರೆ ಬೇರೆ ಊರುಗಳಲ್ಲಿದ್ದರೆ ಊರಿನ ಹೆಸರನ್ನು ಸೇರಿಸಿ ಬೇರ್ಪಡಿಸುತ್ತಾರೆ. ಕುಪ್ಪಂಡ (ಕೈಕೇರಿ), ಹರಿಹರ ಮುಕ್ಕಾಟಿರ ಎಂಬ ರೂಪಗಳು ಹೀಗೆ ಬಂದವು. ಹೊರಗಿನವರಿಗೆ ಇದು ಪಂದ್ಯಗಳ ಪಟ್ಟಿಯ ಸಣ್ಣ ವಿವರವಾಗಿ ಕಾಣಬಹುದು. ಆದರೆ ಯಾರು ಯಾರಿಗೆ ದಾಯಾದಿ, ಯಾರೊಂದಿಗೆ ಮದುವೆ ಸಂಬಂಧ ಕೂಡಿಬರುತ್ತದೆ ಎಂಬುದು ಈ ಹೆಸರುಗಳಲ್ಲಿ ಅಡಗಿದೆ.

ವಿವಾಹಿತ ಮಹಿಳೆಯರ ವಿಷಯದ ನಿಯಮ ಇನ್ನೂ ಗಮನಾರ್ಹ. ಅವರು ತವರಿನ ತಂಡದಲ್ಲಿ ಅಥವಾ ಗಂಡನ ಮನೆಯ ತಂಡದಲ್ಲಿ ಆಡಬಹುದು, ಆಯ್ಕೆ ಅವರದೇ. ಕೊಡವ ಮದುವೆಯಲ್ಲಿ ‘ಸಮ್ಮಂದ’ ಎಂಬ ವಿಧಿಯಿದೆ. ಎರಡೂ ಕಡೆಯ ‘ಅರುವ’ರು, ಅಂದರೆ ಕುಟುಂಬದ ಪರವಾಗಿ ಮಾತನಾಡುವ ಹೊಣೆ ಹೊತ್ತವರು, ಎದುರುಬದುರು ನಿಂತು ವಧುವಿನ ಹಕ್ಕನ್ನು ಗಂಡನ ಒಕ್ಕಕ್ಕೆ ಮಾತಿನ ಮೂಲಕ ವರ್ಗಾಯಿಸುತ್ತಾರೆ. ಅಲ್ಲಿಂದ ಆಕೆ ಗಂಡನ ಮನೆತನದ ಹೆಸರನ್ನು ಹೊರುತ್ತಾಳೆ. ಶಾಸ್ತ್ರ ಹೀಗಿರುವಾಗ ಹಾಕಿ ಮೈದಾನವು ಆಕೆಗೆ ತವರಿನ ಹೆಸರನ್ನು ಮತ್ತೆ ಧರಿಸುವ ಅವಕಾಶ ನೀಡಿದೆ. ತವರಿನ ಪರವಾಗಿ ಆಡುವ ಹೆಂಡತಿ ಗಂಡನ ತಂಡಕ್ಕೇ ಎದುರಾಗುವ ಸಂದರ್ಭವೂ ಬರಬಹುದು. ಅಂತಹ ಪಂದ್ಯಕ್ಕೆ ನೋಡುಗರ ಕೊರತೆಯಿರುವುದಿಲ್ಲ. ಮಹಿಳೆಯರಿಗೆ ಪ್ರತ್ಯೇಕ ವಿಭಾಗ ಮಾಡದೆ ಒಂದೇ ತಂಡದಲ್ಲಿ ಆಡಿಸಿದ್ದು ಈ ಪಂದ್ಯಾವಳಿಯ ಅತ್ಯಂತ ಧೀರ ನಿರ್ಧಾರವೆಂದು ಹೇಳಬಹುದು. ಆದರೆ ಪ್ರಬಲ ತಂಡಗಳು ಅಂತಿಮ ಹಂತಗಳಿಗೆ ಬಂದಂತೆ ಹನ್ನೊಂದರ ಬಳಗದಲ್ಲಿ ಮಹಿಳೆಯರ ಸಂಖ್ಯೆ ಕಡಿಮೆಯಾಗುವುದನ್ನೂ ಇಲ್ಲಿ ಹೇಳಲೇಬೇಕು.

ವ್ಯವಸ್ಥೆ ಮತ್ತು ಆತಿಥ್ಯ

ಪಂದ್ಯಗಳು ನಾಕೌಟ್ ಮಾದರಿಯಲ್ಲಿ ನಡೆಯುತ್ತವೆ. ಸೋತ ತಂಡಕ್ಕೆ ಎರಡನೆಯ ಅವಕಾಶವಿಲ್ಲ. ಈ ಮಾದರಿಯಲ್ಲಿ ಪ್ರತಿ ಪಂದ್ಯವೂ ಒಂದು ತಂಡವನ್ನು ಹೊರಗಿಡುವುದರಿಂದ ಒಟ್ಟು ಪಂದ್ಯಗಳ ಸಂಖ್ಯೆ ತಂಡಗಳ ಸಂಖ್ಯೆಗಿಂತ ಒಂದು ಕಡಿಮೆ. 396 ತಂಡಗಳಿದ್ದರೆ ಒಬ್ಬ ವಿಜೇತನನ್ನು ಗುರುತಿಸಲು 395 ಪಂದ್ಯಗಳು ಬೇಕು. ಇವು ಸುಮಾರು ಒಂದು ತಿಂಗಳಲ್ಲಿ ಮುಗಿಯಬೇಕಾದರೆ ದಿನಕ್ಕೆ ಸರಾಸರಿ ಹದಿಮೂರು ಪಂದ್ಯಗಳಾಗುತ್ತವೆ. ಆದ್ದರಿಂದಲೇ ಒಂದಕ್ಕಿಂತ ಹೆಚ್ಚು ಮೈದಾನಗಳಲ್ಲಿ ಬೆಳಿಗ್ಗೆಯಿಂದ ಸಂಜೆಯವರೆಗೆ ಆಟ ನಡೆಯುತ್ತದೆ.

ಮೈದಾನ ಸಮತಟ್ಟು ಮಾಡಿಸುವುದು, ಗ್ಯಾಲರಿ ಕಟ್ಟಿಸುವುದು, ಅಂಪೈರ್‌ಗಳು ಮತ್ತು ವೀಕ್ಷಕ ವಿವರಣೆಗಾರರ ವ್ಯವಸ್ಥೆ, ಊಟೋಪಚಾರ ಎಲ್ಲವೂ ಆತಿಥೇಯ ಕುಟುಂಬದ ಜವಾಬ್ದಾರಿ. ಸರ್ಕಾರದ ಅನುದಾನ ಹಾಗೂ ದಾನಿಗಳ ನೆರವು ದೊರೆತರೂ ಕುಟುಂಬದವರು ತಮ್ಮೊಳಗೆ ಹಣ ಸಂಗ್ರಹಿಸಿ, ವರ್ಷಗಟ್ಟಲೆ ಮುಂಚಿತವಾಗಿ ಸಿದ್ಧತೆ ನಡೆಸಬೇಕಾಗುತ್ತದೆ. ವರ್ಷ ಕಳೆದಂತೆ ತಂಡಗಳ ಸಂಖ್ಯೆಯೊಂದಿಗೆ ಆಡಂಬರವೂ ಬೆಳೆದಿದೆ. ಹಿಂದಿನ ವರ್ಷದ ಕುಟುಂಬಕ್ಕಿಂತ ತಾವು ಕಡಿಮೆಯಾಗಬಾರದೆಂಬ ಪೈಪೋಟಿಯಿಂದ ಸಣ್ಣ ಕುಟುಂಬಗಳಿಗೆ ಆತಿಥ್ಯ ವಹಿಸಿಕೊಳ್ಳುವುದು ಕಷ್ಟವಾಗುತ್ತಿದೆ ಎಂಬ ಮಾತಿನಲ್ಲಿ ಸತ್ಯವಿದೆ. ಕರಡದಲ್ಲಿ ಆರಂಭವಾದಾಗ ಇದ್ದ ಸರಳತೆ ಈಗ ಉಳಿದಿಲ್ಲ.

ಆತಿಥೇಯರು ಪ್ರತಿ ವರ್ಷ ಬದಲಾಗುವುದರಿಂದ ನಿಯಮಗಳ ವಿಷಯದಲ್ಲಿ ಕೊನೆಯ ಮಾತು ಯಾರದ್ದು ಎಂಬ ಪ್ರಶ್ನೆ ಏಳುತ್ತದೆ. ಮೇಲೆ ಹೇಳಿದ ರಗ್ಬಿ ಸರಣಿಯಲ್ಲಿ ಇದೇ ಪ್ರಶ್ನೆ ದೊಡ್ಡ ಜಗಳಕ್ಕೆ ಕಾರಣವಾಗಿತ್ತು. 1884ರ ಇಂಗ್ಲೆಂಡ್–ಸ್ಕಾಟ್ಲೆಂಡ್ ಪಂದ್ಯದಲ್ಲಿ ಒಂದು ಅಂಕದ ಬಗ್ಗೆ ವಿವಾದವೆದ್ದು, ಉಳಿದ ಮೂರು ದೇಶಗಳು 1886ರಲ್ಲಿ ಅಂತರರಾಷ್ಟ್ರೀಯ ಮಂಡಳಿಯೊಂದನ್ನು ರಚಿಸಿಕೊಂಡವು. ಇಂಗ್ಲೆಂಡ್ ಅದಕ್ಕೆ ಸೇರಿದ್ದು 1890ರಲ್ಲಿ. ಕೊಡಗಿನಲ್ಲಿ ಅಂತಹ ಒಡಕು ಬರದಂತೆ ನೋಡಿಕೊಳ್ಳುವ ಕೆಲಸ ಕೊಡವ ಹಾಕಿ ಅಕಾಡೆಮಿಯದು. ಆತಿಥೇಯ ಕುಟುಂಬವನ್ನು ನಿಶ್ಚಯಿಸುವಲ್ಲಿಯೂ ನಿಯಮಗಳನ್ನು ಕಾಯ್ದುಕೊಂಡು ಬರುವಲ್ಲಿಯೂ ಈ ಸಂಸ್ಥೆಯ ಪಾತ್ರವಿದೆ.

ಉದ್ಘಾಟನೆಯ ದಿನ ಗಂಡಸರು ಕುಪ್ಯ–ಚೇಲೆ ಧರಿಸಿ ಪೀಚೆಕತ್ತಿ ಸಿಕ್ಕಿಸಿಕೊಂಡು, ಹೆಂಗಸರು ಕೊಡವ ಶೈಲಿಯಲ್ಲಿ ಸೀರೆಯುಟ್ಟು ಮೆರವಣಿಗೆಯಲ್ಲಿ ಬರುತ್ತಾರೆ. ಕೊಂಬು, ಕೊಟ್ಟು, ವಾಲಗ ಮೊಳಗುತ್ತವೆ. ಗಾಳಿಯಲ್ಲಿ ಗುಂಡು ಹಾರಿಸಿ, ಬೆಳ್ಳಿಯ ಸ್ಟಿಕ್‌ನಿಂದ ಬೆಳ್ಳಿಯ ಚೆಂಡನ್ನು ತಳ್ಳಿ ಆಟಕ್ಕೆ ಚಾಲನೆ ನೀಡಲಾಗುತ್ತದೆ.

ಆಟದ ಮಟ್ಟ

1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ಅಂತರರಾಷ್ಟ್ರೀಯ ಹಾಕಿ ಕೃತಕ ಹಾಸಿನ ಮೇಲೆ ನಡೆಯುತ್ತಿದೆ. ಹಾಕಿ ನಮ್ಮೆಯಾದರೋ ಬಹುಮಟ್ಟಿಗೆ ಮಣ್ಣು ಮತ್ತು ಹುಲ್ಲಿನ ಮೈದಾನಗಳ ಹಬ್ಬ. ಚೆಂಡಿನ ವೇಗ, ಪುಟಿತ, ತಡೆಯುವ ಬಗೆ ಎಲ್ಲವೂ ಎರಡರಲ್ಲಿ ಬೇರೆ. ಆದ್ದರಿಂದ ಇದನ್ನು ಒಲಿಂಪಿಕ್ ಆಟಗಾರರನ್ನು ತಯಾರಿಸುವ ಕಮ್ಮಟವೆಂದು ವರ್ಣಿಸುವುದು ಅತಿಶಯೋಕ್ತಿಯಾದೀತು. ಆ ಕೆಲಸವನ್ನು ಮಡಿಕೇರಿ, ಪೊನ್ನಂಪೇಟೆ ಮೊದಲಾದೆಡೆಯ ಕ್ರೀಡಾ ವಸತಿನಿಲಯಗಳು ಮತ್ತು ಶಾಲಾ ಕಾಲೇಜುಗಳು ಮಾಡುತ್ತಿವೆ. ಭಾರತ ತಂಡದ ಆಟಗಾರನೊಬ್ಬ ತನ್ನ ಊರಿನ ಮಣ್ಣಿನಲ್ಲಿ ಚಿಕ್ಕಪ್ಪನ ಮಗಳಿಗೆ ಚೆಂಡು ನೀಡಿ, ಎದುರಿನ ತಂಡದ ಹತ್ತು ವರ್ಷದ ಹುಡುಗನನ್ನು ನೋಯಿಸದಂತೆ ದಾಟಿ ಹೋಗುವ ದೃಶ್ಯ ಮಾತ್ರ ಬೇರೆಲ್ಲಿಯೂ ಸಿಗಲಾರದು.

ನಿಂತುಹೋದ ವರ್ಷಗಳು

2018ರಲ್ಲಿ ನಾಪೋಕ್ಲುವಿನಲ್ಲಿ ಕುಲ್ಲೇಟಿರ ಕಪ್ ನಡೆಯಿತು. ಮುಂದಿನ ವರ್ಷದ ಹೊಣೆ ಹರಿಹರ ಮುಕ್ಕಾಟಿರ ಕುಟುಂಬದ್ದಾಗಿತ್ತು. ಆದರೆ ಅದೇ ವರ್ಷದ ಆಗಸ್ಟ್‌ನಲ್ಲಿ ಸುರಿದ ಭಾರಿ ಮಳೆಗೆ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲ ಮೊದಲಾದೆಡೆ ಬೆಟ್ಟಗಳು ಕುಸಿದು ಜೀವಹಾನಿಯಾಯಿತು. ಮನೆಗಳೂ ಕಾಫಿ ತೋಟಗಳೂ ಗದ್ದೆಗಳೂ ಮಣ್ಣಿನಡಿ ಸೇರಿದವು. ಅನೇಕ ಕುಟುಂಬಗಳು ಪರಿಹಾರ ಕೇಂದ್ರಗಳಲ್ಲಿ ದಿನ ಕಳೆದವು. ಇಂತಹ ಸ್ಥಿತಿಯಲ್ಲಿ ಹಬ್ಬ ಆಚರಿಸುವುದು ಸರಿಯಲ್ಲವೆಂದು 2019ರ ಪಂದ್ಯಾವಳಿಯನ್ನು ಕೈಬಿಡಲಾಯಿತು. 2019ರ ಮಳೆಗಾಲದಲ್ಲಿ ವಿರಾಜಪೇಟೆ ಸಮೀಪದ ತೋರದಲ್ಲಿ, 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿಯಲ್ಲಿ ಮತ್ತೆ ಭೂಕುಸಿತಗಳಾದವು. ಅಷ್ಟರಲ್ಲಿ ಕೋವಿಡ್ ಸಾಂಕ್ರಾಮಿಕ ಬಂದು ಜನ ಸೇರುವುದೇ ನಿಂತಿತು.

ನಾಲ್ಕು ವರ್ಷಗಳ ಅಂತರ ಯಾವುದೇ ಹವ್ಯಾಸಿ ಪಂದ್ಯಾವಳಿಗೆ ಮಾರಕವಾಗಬಲ್ಲದು. ಇಲ್ಲಿ ಹಾಗಾಗಲಿಲ್ಲ. 2023ರಲ್ಲಿ ಅಪ್ಪಚೆಟ್ಟೋಳಂಡ ಕುಟುಂಬವು ನಾಪೋಕ್ಲುವಿನಲ್ಲಿ ಪಂದ್ಯಾವಳಿಯನ್ನು ಪುನಃ ಆರಂಭಿಸಿದಾಗ 336 ತಂಡಗಳು ಹೆಸರು ನೋಂದಾಯಿಸಿದವು. 2024ರಲ್ಲಿ ಅದೇ ಊರಿನಲ್ಲಿ ನಡೆದ ಕುಂಡ್ಯೋಳಂಡ ಕಪ್‌ಗೆ 360 ತಂಡಗಳು ಬಂದವು. ಹಿಂದೆಯೇ ಲಿಮ್ಕಾ ದಾಖಲೆ ಪುಸ್ತಕದಲ್ಲಿ ಸ್ಥಾನ ಪಡೆದಿದ್ದ ಹಾಕಿ ನಮ್ಮೆ ಆ ವರ್ಷ ಅತಿ ಹೆಚ್ಚು ತಂಡಗಳ ಹಾಕಿ ಪಂದ್ಯಾವಳಿಯಾಗಿ ಗಿನ್ನೆಸ್ ದಾಖಲೆಗೂ ಸೇರಿತು. 2025ರಲ್ಲಿ ಮುದ್ದಂಡ ಕುಟುಂಬವು ಮಡಿಕೇರಿಯ ಜನರಲ್ ತಿಮ್ಮಯ್ಯ ಕ್ರೀಡಾಂಗಣದಲ್ಲಿ ನಡೆಸಿದ ಪಂದ್ಯಾವಳಿಯಲ್ಲಿ ಈ ಸಂಖ್ಯೆ 396ಕ್ಕೆ ಏರಿತು.

ಪ್ರಭಾವ

ಹಾಕಿ ನಮ್ಮೆಯ ಮಾದರಿಯನ್ನು ಕೊಡಗಿನ ಇತರ ಸಮುದಾಯಗಳೂ ಅನುಸರಿಸಿವೆ. ಅರೆಭಾಷೆ ಗೌಡ ಕುಟುಂಬಗಳ ನಡುವಿನ ಕ್ರಿಕೆಟ್ ಪಂದ್ಯಾವಳಿ ಇವುಗಳಲ್ಲಿ ಹೆಚ್ಚು ಪ್ರಸಿದ್ಧ. ಕೊಡವ ಕುಟುಂಬಗಳ ನಡುವೆಯೂ ಕ್ರಿಕೆಟ್ ಪಂದ್ಯಾವಳಿ ನಡೆಯುತ್ತದೆ. ಸಮುದಾಯಗಳು ತಮ್ಮತಮ್ಮೊಳಗೇ ಆಡುವುದರಿಂದ ಊರಿನ ಎಲ್ಲರೂ ಕೂಡಿ ಆಡುತ್ತಿದ್ದ ಹಳೆಯ ಕ್ಲಬ್ ಪಂದ್ಯಗಳು ಮಂಕಾದವೆಂಬ ಆಕ್ಷೇಪವೂ ಇದೆ. ಮೈದಾನದ ಹೊರಗಿನ ಅಂಗಡಿ, ಹೋಟೆಲ್, ಹೋಂಸ್ಟೇ, ಬಾಡಿಗೆ ವಾಹನಗಳಿಗೆ ಆ ಒಂದು ತಿಂಗಳು ಎಲ್ಲ ಸಮುದಾಯದವರೂ ಪಾಲುದಾರರು; ಪ್ರೇಕ್ಷಕರಲ್ಲಿಯೂ ಹಾಗೆಯೇ.

ಪಂದ್ಯಾವಳಿಯ ನೆಪದಲ್ಲಿ ಅನೇಕ ಒಕ್ಕಗಳು ತಮ್ಮ ಸದಸ್ಯರ ವಿಳಾಸ ಪುಸ್ತಕ ಮತ್ತು ವಂಶವೃಕ್ಷಗಳನ್ನು ಮುದ್ರಿಸಿವೆ, ಪಾಳುಬಿದ್ದ ಐನ್‌ಮನೆಗಳನ್ನು ದುರಸ್ತಿ ಮಾಡಿಸಿವೆ. ಮೈದಾನದ ಬದಿಯಲ್ಲಿ ಪರಿಚಯವಾಗಿ ಮದುವೆಯಲ್ಲಿ ಕೊನೆಗೊಂಡ ಸಂಬಂಧಗಳೂ ಉಂಟು. ಹಾಗೆ ಮದುವೆಯಾಗಿ ಬಂದ ಸೊಸೆಗೆ ಮುಂದಿನ ಬೇಸಿಗೆಯಲ್ಲಿ ಎರಡೂ ಮನೆಗಳಿಂದ ಕರೆ ಬರುತ್ತದೆ.